ಸೋದರಮಾವನ ಹಾಗೇ ಆಗ್ತಾನಾ ನನ್ನ ಮಗ?

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಕಳೆದ ತಿಂಗಳು ಇದೇ ಕಾಲಂನಲ್ಲಿ ಸ್ಕಿಜೋಫ್ರೇನಿಯಾ, ಅಂದ್ರೆ ಇಲ್ಲದ ದನಿ ಕೇಳುವ, ಇಲ್ಲದ ಸಂಶಯ ಬರುವ ಮನಸ್ಸಿನ ಕಾಯಿಲೆ, ಅದರ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಪ್ಪಾಯ್ತೋ ಏನೋ, ಕಾಗದದ ರಾಶಿ ಬಂದು ಬಿದ್ದಿದೆ, ವಾಟ್ಸಪ್‌ನಲ್ಲಿ ಬಂದದ್ದು ಬೇರೆ. ಹೆಚ್ಚಿನವರು ಕೇಳಿದ್ದು ಮಕ್ಕಳ ಬಗ್ಗೆ. ಹಾಗಾಗಿ ನಿದ್ರೆ ಬರುದಿಲ್ಲ, ಗಂಡ ಕುಡಿತಾರೆ, ಪರೀಕ್ಷೆ ಹೆದರಿಕೆ ಇದೆಲ್ಲ ಬರೆದವರು ಬೇಜಾರು ಮಾಡ್ಬೇಡಿ, ನಿಮ್ಮದು ಮುಂದಿನ ಸಂಚಿಕೆಗೆ. ಕಾಗದಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ.

ಪ್ರಶ್ನೆ: ಮೇಡಂ ನಮಸ್ತೆ. ನಾವು ಕಾಪು ಹತ್ತಿರದವರು. ಮಗನಿಗೆ ನಾಲ್ಕೂವರೆ ವರ್ಷ. ನಡೆದದ್ದು 15 ತಿಂಗಳಿಗೆ, ಮಾತು ಲೇಟು, ಈಗಲೂ ಎರಡು ಮೂರು ಶಬ್ದ ಸೇರಿಸಿ ಹೇಳ್ತಾನೆ ಅಷ್ಟೆ. ಅಂಗನವಾಡಿ ಟೀಚರ್ ಹೇಳುದು ಒಬ್ಬನೇ ಮೂಲೆಯಲ್ಲಿ ಕೂತು ಆಡ್ತಾನೆ ಅಂತ. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಮೊಬೈಲಲ್ಲಿ ಇಂಗ್ಲಿಷ್ ಕಾರ್ಟೂನ್. ನನ್ನ ಸ್ವಂತ ತಮ್ಮನಿಗೆ 21ನೇ ವರ್ಷದಲ್ಲಿ ಸ್ಕಿಜೋಫ್ರೇನಿಯಾ ಆಯ್ತು, ಮಂಗಳೂರಲ್ಲಿ ಓದ್ತಿದ್ದ, ಫೈನಲ್ ಇಯರ್. ಈಗ 29, ಮದ್ದು ತಗೊಳ್ತಾನೆ, ತೋಟ ನೋಡ್ಕೊಳ್ತಾನೆ, ಪಾಪದವ. ಅಮ್ಮ ಈಗ ಹೇಳ್ತಾರೆ ಅವನೂ ಲೇಟಾಗಿ ನಡೆದದ್ದು, ಚಿಕ್ಕದರಲ್ಲಿ ಅವನೂ ಒಬ್ಬನೇ ಇರ್ತಿದ್ದ ಅಂತ. ನಮ್ಮದು ಅಳಿಯಸಂತಾನ, ಮಾವನ ಗುಣ ಅಳಿಯನಿಗೆ ಅಂತ ಎಲ್ಲರೂ ಹೇಳುದೇ. ಅತ್ತೆಯವರು ಮೊನ್ನೆ ನೇರ ಹೇಳಿಬಿಟ್ರು, ಇದು ನಿಮ್ಮ ಕುಟುಂಬದ್ದು ಬಂದದ್ದು, ಬಸುರಿ ಇರುವಾಗ ನೀನು ಅತ್ತು ಅತ್ತು ಮಗುವಿಗೆ ಹೀಗಾದದ್ದು ಅಂತ. ರಾತ್ರಿ ಮೊಬೈಲಲ್ಲಿ ಹುಡುಕಿದೆ, ಲೇಟಾಗಿ ನಡೆಯುದು, ಒಬ್ಬನೇ ಆಡುದು ಎರಡೂ ಮುಂದೆ ಸ್ಕಿಜೋಫ್ರೇನಿಯಾ ಆಗುವ ಲಕ್ಷಣ ಅಂತ ಬರೆದಿದ್ರು. ಅಂದಿನಿಂದ ನಿದ್ರೆ ಇಲ್ಲ. ಈಗಲೇ ಟೆಸ್ಟ್ ಮಾಡಿಸ್ಬಹುದಾ? ತಮ್ಮನ ಹತ್ತಿರ ಮಗುವನ್ನು ಬಿಡಬಹುದಾ?

ಉತ್ತರ: ಅಮ್ಮಾ, ಮೊದಲು ಟೆಸ್ಟಿನ ವಿಷಯ ಮುಗಿಸಿಬಿಡುವ. ಇಲ್ಲ. ರಕ್ತದ ಟೆಸ್ಟ್ ಇಲ್ಲ, ಎಂಆರ್‌ಐ ಇಲ್ಲ, ಜೀನ್ ಟೆಸ್ಟ್ ಇಲ್ಲ, ನಾಲ್ಕೂವರೆ ವರ್ಷದ ಮಗುವನ್ನು ನೋಡಿ ಇವನಿಗೆ ಇಪ್ಪತ್ತಕ್ಕೆ ಎಂತ ಆಗ್ತದೆ ಅಂತ ಹೇಳುವ ಮೆಷಿನ್ ಮಂಗಳೂರಲ್ಲೂ ಇಲ್ಲ ಲಂಡನ್ನಲ್ಲೂ ಇಲ್ಲ. ಯಾರಾದ್ರೂ ದುಡ್ಡು ತಗೊಂಡು ಹೇಳ್ತೇನೆ ಅಂದ್ರೆ ಪರ್ಸು ಒಳಗಿಟ್ಟು ವಾಪಸ್ ಬಸ್ಸು ಹತ್ತಿ.

ಇನ್ನು ನೀವು ಮೊಬೈಲಲ್ಲಿ ಓದಿದ್ದು. ಅದು ಪೂರಾ ಸುಳ್ಳಾಗಿದ್ರೆ ನನ್ನ ಕೆಲಸ ಸುಲಭ ಇತ್ತು, ಸುಳ್ಳು ಅಂತ ಒಂದು ಸಾಲು ಬರೆದು ಮುಗಿಸ್ಬಹುದಿತ್ತು. ಅದು ಸುಳ್ಳಲ್ಲ, ಅದೇ ಕಷ್ಟ. ಎಲ್ಲಿಂದ ಬಂತು ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ಒಂದು ಚಾಯ ಹಿಡ್ಕೊಂಡು ಕೂತು ಓದಿ.

ಬ್ರಿಟನ್ನಿನಲ್ಲಿ 1946ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ 5,362 ಮಕ್ಕಳ ಲೆಕ್ಕ ಇಟ್ಟರು. ಯಾವಾಗ ಕೂತದ್ದು, ಯಾವಾಗ ನಡೆದದ್ದು, ಮಾತು ಹೇಗೆ, ಶಾಲೆಯಲ್ಲಿ ಹೇಗೆ, ಎಲ್ಲ ಆಗಾಗಲೇ ಬರೆದಿಟ್ಟದ್ದು, ಸ್ಕಿಜೋಫ್ರೇನಿಯಾ ಹುಡುಕ್ಲಿಕ್ಕೆ ಅಂತ ಅಲ್ಲ, ಒಟ್ಟಾರೆ ಮಕ್ಕಳ ಆರೋಗ್ಯಕ್ಕೆ. ಆ ಮಕ್ಕಳು ದೊಡ್ಡವರಾಗಿ 43 ವರ್ಷ ಆಗುವಷ್ಟರಲ್ಲಿ ಅವರಲ್ಲಿ 30 ಜನರಿಗೆ ಸ್ಕಿಜೋಫ್ರೇನಿಯಾ ಬಂದಿತ್ತು. ಆಗ ಪೀಟರ್ ಜೋನ್ಸ್ ಮತ್ತು ಜೊತೆಯವರು ಹಳೇ ಪುಸ್ತಕ ತೆಗೆದು ನೋಡಿದ್ರು, 1994ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ 30 ಜನ ಉಳಿದವರಿಗಿಂತ ಸ್ವಲ್ಪ ತಡವಾಗಿ ನಡೆದಿದ್ರು, ಮಾತಿನ ತೊಂದರೆ ಅವರಲ್ಲಿ ಜಾಸ್ತಿ ಇತ್ತು, 4 ಮತ್ತು 6 ವರ್ಷದಲ್ಲಿ ಒಬ್ಬರೇ ಆಡುವವರು ಜಾಸ್ತಿ, 8, 11, 15ರಲ್ಲಿ ಪರೀಕ್ಷೆಯ ಮಾರ್ಕು ಸ್ವಲ್ಪ ಕಮ್ಮಿ. ನಿಮ್ಮ ಮಗನ ಬಗ್ಗೆಯೇ ಬರೆದ ಹಾಗೆ ಕಾಣ್ತದೆ ಅಲ್ವಾ? ಈಗ ನಿಮ್ಮ ಮೊಬೈಲು ಹೇಳದ ಒಂದು ವಿಷಯ ಕೇಳಿ. ತಡವಾಗಿ ನಡೆದದ್ದು ಅಂದ್ರೆ ಎಷ್ಟು ತಡ? ಸರಾಸರಿ 1.2 ತಿಂಗಳು. ಒಂದು ತಿಂಗಳು ಚಿಲ್ಲರೆ ಮಾರಾಯ್ರೆ! ನಿಮ್ಮ ಮಗುವಿಗೂ ಪಕ್ಕದ ಮನೆ ಮಗುವಿಗೂ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಇರ್ತದೆ. ಆರೋಗ್ಯವಂತ ಮಕ್ಕಳು 8 ತಿಂಗಳಿಂದ ಹಿಡಿದು ಹದಿನೇಳೂವರೆ ತಿಂಗಳ ಒಳಗೆ ಯಾವಾಗ ಬೇಕಾದ್ರೂ ನಡೆಯಲಿಕ್ಕೆ ಶುರು ಮಾಡ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಅಳೆದು ಹೇಳಿದೆ, ನಿಮ್ಮ ಮಗ 15ಕ್ಕೆ ನಡೆದದ್ದು ಲೇಟೇ ಅಲ್ಲ.

ಇಂಥದ್ದೇ ಇನ್ನೂ ಉಂಟು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಎಲೇನ್ ವಾಕರ್ ಅಂತ ಒಬ್ಬರು ಕಾಯಿಲೆ ಆದವರ ಮನೆಯಿಂದ ಹಳೇ ಹೋಮ್ ಮೂವಿ ತರಿಸಿಕೊಂಡ್ರು, ಬರ್ತ್‌ಡೇ ಪಾರ್ಟಿ, ಅಣ್ಣ ತಂಗಿ ಆಡುವುದು ಇಂಥದ್ದು, ಯಾವ ಮಗುವಿಗೆ ಮುಂದೆ ಕಾಯಿಲೆ ಬಂತು ಅಂತ ಹೇಳದೆ ನೋಡುವವರ ಮುಂದೆ ಇಟ್ಟರು. ನೋಡಿದವರು ಒಡಹುಟ್ಟಿದವರ ನಡುವೆ ಆ ಮಗುವನ್ನು ಸುಮ್ಮನೆ ಅಂದಾಜು ಹಾಕುದಕ್ಕಿಂತ ಹೆಚ್ಚು ಸಲ ಸರಿ ಗುರುತಿಸಿದ್ರು, ಕೈ ಬೆರಳು ಇಡುವ ರೀತಿ, ಮುಖದಲ್ಲಿ ನಗು ಕಮ್ಮಿ, ಹೀಗೆ ಏನೋ ಒಂದು ಸಣ್ಣದು. ಡೆನ್ಮಾರ್ಕಿನಲ್ಲಿ 1972ರಲ್ಲಿ 11ರಿಂದ 13 ವರ್ಷದ 265 ಮಕ್ಕಳು ಮಧ್ಯಾಹ್ನದ ಊಟ ಮಾಡುದನ್ನು ಶೂಟ್ ಮಾಡಿ ಇಟ್ಟಿದ್ರು, ಮುಂದೆ ಕಾಯಿಲೆ ಬಂದವರು ಆ ಫಿಲ್ಮಿನಲ್ಲಿ ಬೇರೆಯವರ ಜೊತೆ ಬೆರೆಯುದು ಕಮ್ಮಿ ಇತ್ತು ಅಂತ ಕಂಡಿತು. ಊಟ ಮಾಡುವ ಮಗುವಿನಲ್ಲಿ ಇಪ್ಪತ್ತು ವರ್ಷ ಮುಂದಿನ ನೆರಳು! ನನಗೆ ಮೊದಲ ಸಲ ಓದಿದಾಗ ಮೈ ಜುಂ ಅಂದಿತ್ತು. ಅಂದ್ರೆ ಈ ಕಾಯಿಲೆ ಇಪ್ಪತ್ತಕ್ಕೆ ಧಿಡೀರ್ ಅಂತ ಆಕಾಶದಿಂದ ಬೀಳುದಲ್ಲ, ಮೆದುಳು ಬೆಳೆಯುವ ದಾರಿಯಲ್ಲೇ ಎಲ್ಲೋ ಚೂರು ಹೆಚ್ಚು ಕಮ್ಮಿ ಆಗಿರ್ತದೆ ಅಂತ. 1987ರಲ್ಲಿ ಅಮೆರಿಕದ ವೈನ್‌ಬರ್ಗರ್, ಲಂಡನ್ನಿನ ಮರ್ರೇ ಮತ್ತು ಲೂಯಿಸ್ ಅನ್ನುವ ಮನೋವೈದ್ಯರು ಇದನ್ನೇ ಹೇಳಿದ್ದು, ಈಗ ಹೆಚ್ಚು ಕಮ್ಮಿ ಎಲ್ಲರೂ ಒಪ್ಪಿದ್ದಾರೆ.

ಆದ್ರೆ ನಮ್ಮ ಹಂಚಿನ ಮನೆ ನೆನಪು ಮಾಡಿ. ಬೇಸಿಗೆಯಲ್ಲಿ ಮಾಡಿನ ಒಂದು ಹಂಚು ಸರಿದದ್ದು ಯಾರಿಗೂ ಗೊತ್ತಾಗುದಿಲ್ಲ, ಬೆಕ್ಕು ಓಡಿಯೋ ತೆಂಗಿನ ಮಡಲು ಬಿದ್ದೋ ಸರಿದಿರ್ತದೆ. ಜೂನ್‌ನಲ್ಲಿ ಮಳೆ ಹೊಡೆದು ಚಾವಡಿಯಲ್ಲಿ ಟಪ ಟಪ ಶುರುವಾದ ಮೇಲೆ ಏಣಿ ಇಟ್ಟು ಹತ್ತಿ ನೋಡಿದ್ರೆ ಹೌದು, ಸರಿದ ಹಂಚು ಸಿಗ್ತದೆ. ಸೋರಿದ ಜಾಗದಿಂದ ಮೇಲೆ ಹುಡುಕ್ತಾ ಹೋದ್ರೆ ಸರಿದ ಹಂಚು ಸಿಕ್ಕೇ ಸಿಗ್ತದೆ. ಹಾಗಂತ ಬೇಸಿಗೆಯಲ್ಲೇ ಮಾಡು ಹತ್ತಿ ಸರಿದ ಹಂಚು ಎಲ್ಲ ಲೆಕ್ಕ ಹಾಕಿ, ಇಷ್ಟೂ ಕಡೆ ಸೋರ್ತದೆ ಅಂತ ಹೇಳ್ಲಿಕ್ಕೆ ಆಗ್ತದಾ? ಹೆಚ್ಚಿನವು ಸೋರುದೇ ಇಲ್ಲ. ಈ ಅಧ್ಯಯನ ಪೂರಾ ಸೋರಿದ ಜಾಗದಿಂದ ಮೇಲೆ ನೋಡಿದ್ದು. ನೀವು ಮೊಬೈಲಲ್ಲಿ ಓದಿ ಮಾಡ್ತಾ ಇರುದು ಬೇಸಿಗೆಯಲ್ಲಿ ಹಂಚು ಎಣಿಸುವ ಕೆಲಸ. ಲೆಕ್ಕದಲ್ಲಿ ಬೇಕಾದ್ರೆ ಹೀಗೆ: ಸಾಮಾನ್ಯ ಜನರಲ್ಲಿ ಜೀವಮಾನದಲ್ಲಿ 100ರಲ್ಲಿ ಸುಮಾರು ಒಬ್ಬರಿಗೆ ಈ ಕಾಯಿಲೆ ಬರ್ತದೆ ಅಂತ ಇಟ್ಕೊಳ್ಳಿ. ಒಂದು ಲಕ್ಷಣ ಆ ಅಪಾಯವನ್ನು ಎರಡು ಪಟ್ಟು ಮಾಡ್ತದೆ ಅಂತಲೇ ಆಗ್ಲಿ, ಆ ಲಕ್ಷಣ ಇರುವ 100 ಮಕ್ಕಳಲ್ಲಿ 98 ಮಕ್ಕಳಿಗೆ ಏನೂ ಆಗುದಿಲ್ಲ.

ಅಮ್ಮ ಹೇಳಿದ ಮಾತಿಗೆ ಬರುವ. ತಮ್ಮ ಲೇಟಾಗಿ ನಡೆದದ್ದು ನಿಜವೇ ಇರಬಹುದು, ನಾನು ಅವರನ್ನು ಸುಳ್ಳು ಹೇಳ್ತಾರೆ ಅಂತ ಹೇಳುದಿಲ್ಲ. ಆದ್ರೆ ಮನೆಯಲ್ಲಿ ಒಬ್ಬರಿಗೆ ಹೀಗೆ ಆದ ಮೇಲೆ ತಾಯಂದಿರು ರಾತ್ರಿ ಮಲಗಿ ಮಗುವಿನ ಹಿಂದಿನ ಒಂದೊಂದು ದಿನ ತಿರುವಿ ಹಾಕ್ತಾರೆ, ಎಲ್ಲಿ ತಪ್ಪಿತು ಎಲ್ಲಿ ತಪ್ಪಿತು ಅಂತ, ಆಗ ಚೆನ್ನಾಗಿ ಆಡಿದ ದಿನ ಮರೆತು ಮೂಲೆಯಲ್ಲಿ ಕೂತ ದಿನ ಮಾತ್ರ ಮೇಲೆ ಬರ್ತದೆ. ನನ್ನ ಒಪಿಡಿಯಲ್ಲಿ ವಾರಕ್ಕೆ ಒಬ್ಬರಾದ್ರೂ ಇಂಥ ಅಮ್ಮ ಬರ್ತಾರೆ. ಹಾಗಾಗಿಯೇ ಬ್ರಿಟನ್ನಿನವರು ನೆನಪನ್ನು ನಂಬದೆ ಆಗಲೇ ಬರೆದಿಟ್ಟ ಪುಸ್ತಕ ನೋಡಿದ್ದು. ನಿಮ್ಮ ಕಪಾಟಿನಲ್ಲಿ ತಮ್ಮನ ಲಸಿಕೆ ಕಾರ್ಡು ಇದ್ರೆ ಇರಲಿ, ಹುಡುಕ್ಲಿಕ್ಕೆ ಹೋಗ್ಬೇಡಿ, ಸಿಕ್ಕಿದ್ರೂ ಮಗನಿಗೆ ಅದರಿಂದ ಎಂತ ಉಪಯೋಗ.

ಮಾವನ ಗುಣ ಅಳಿಯನಿಗೆ ಅನ್ನುವುದು. ಅಳಿಯಸಂತಾನದಲ್ಲಿ ಆಸ್ತಿ ಮಾವನಿಂದ ಅಳಿಯನಿಗೆ ಹೋಗ್ತಿತ್ತು, ಕಾಯಿಲೆಗೆ ಅಳಿಯಕಟ್ಟೂ ಗೊತ್ತಿಲ್ಲ ಮಕ್ಕಳಕಟ್ಟೂ ಗೊತ್ತಿಲ್ಲ. ಗಂಡನ ತಮ್ಮನಿಗೆ ಇದ್ದಿದ್ರೂ ಲೆಕ್ಕ ಅಷ್ಟೇ ಆಗ್ತಿತ್ತು, ಅದನ್ನು ಅತ್ತೆಯವರಿಗೆ ಮೆಲ್ಲ ಹೇಳಿ. ಯುರೋಪಿನ ಹಳೇ ಕುಟುಂಬ ಅಧ್ಯಯನಗಳನ್ನು ಒಟ್ಟು ಹಾಕಿ ಗಾಟ್ಸ್‌ಮನ್ ಅನ್ನುವವರು 1991ರಲ್ಲಿ ಕೊಟ್ಟ ಲೆಕ್ಕದಲ್ಲಿ ಮಾವನಿಗೋ ಚಿಕ್ಕಮ್ಮನಿಗೋ ಕಾಯಿಲೆ ಇದ್ರೆ ಮಗುವಿಗೆ ಬರುವ ಸಾಧ್ಯತೆ 100ಕ್ಕೆ 4, ಸ್ವಂತ ಅಣ್ಣ ತಮ್ಮನಿಗಿದ್ರೆ 9. ಜೀನ್ ಎಲ್ಲ ಒಂದೇ ಇರುವ ಅವಳಿಗಳಲ್ಲಿ, ಒಬ್ಬರಿಗೆ ಬಂದ್ರೂ ಇನ್ನೊಬ್ಬರಿಗೆ ಬರುದು ಹೆಚ್ಚು ಕಮ್ಮಿ ಅರ್ಧ ಸಲ ಮಾತ್ರ. ಜೀನ್ ಒಂದೇ ಇದ್ದೂ ಅರ್ಧಕ್ಕರ್ಧ ತಪ್ಪುವಾಗ ಸೋದರಮಾವನ ಜೀನಿಗೆ ಎಷ್ಟು ಬಲ ಅಂತ ನೀವೇ ನೋಡಿ.

ಬಸುರಿಯಲ್ಲಿ ಅತ್ತದ್ದಕ್ಕೆ ಹೀಗಾಯ್ತು ಅನ್ನುದು ಕೇಳಿ ನನಗೆ ಸಿಟ್ಟೇ ಬಂತು. ತಾಯಿಯ ತಲೆಗೆ ಕಟ್ಟುವ ಈ ಚಾಳಿ ಅತ್ತೆಯಂದಿರದ್ದು ಮಾತ್ರ ಅಲ್ಲ, ನಮ್ಮ ಡಾಕ್ಟರುಗಳದ್ದೂ ಹೌದು. 1948ರಲ್ಲಿ ಫ್ರೀಡಾ ಫ್ರೊಮ್-ರೈಕ್‌ಮನ್ ಅನ್ನುವ ದೊಡ್ಡ ಮನೋವೈದ್ಯೆ ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ ಅಂತಲೇ ಒಂದು ಶಬ್ದ ಬರೆದ್ರು, ಮುಂದೆ ಇಪ್ಪತ್ತು ಮೂವತ್ತು ವರ್ಷ ಎಷ್ಟು ತಾಯಂದಿರು ಆ ಶಬ್ದ ಹೊತ್ತು ಅತ್ತಿದ್ದಾರೋ ದೇವರಿಗೇ ಗೊತ್ತು. ಅದಕ್ಕೆ ಆಧಾರ ಇಲ್ಲ ಅಂತ ಆಮೇಲೆ ಎಲ್ಲರೂ ಬಿಟ್ಟರು. ಗರ್ಭದ ಕಾಲಕ್ಕೂ ಈ ಕಾಯಿಲೆಗೂ ಸಂಬಂಧ ಇಲ್ಲವೇ ಇಲ್ಲ ಅಂತಲ್ಲ, 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಯುದ್ಧದಿಂದ ಊರಿಗೆ ಊರೇ ಉಪವಾಸ ಬಿದ್ದಾಗ ಗರ್ಭದಲ್ಲಿ ಇದ್ದ ಮಕ್ಕಳಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಕಂಡಿದೆ, ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟಿದ್ರೂ ಸ್ವಲ್ಪ ಜಾಸ್ತಿ. ಅದು ಅಂಥ ಹಸಿವು. ಅತ್ತೆ ಮಾತಿಗೆ ಅಡಿಗೆ ಮನೆಯಲ್ಲಿ ನಿಂತು ಅತ್ತದ್ದು ಆ ಲೆಕ್ಕದಲ್ಲಿ ಬರುದಿಲ್ಲ.

ಈಗ ಮುಖ್ಯದ್ದು. ನಾನು ಇಷ್ಟೆಲ್ಲ ಹೇಳಿದ್ದು ಮಗನಿಗೆ ಏನೂ ಇಲ್ಲ ಸುಮ್ಮನಿರಿ ಅಂತ ಹೇಳ್ಲಿಕ್ಕೆ ಅಲ್ಲ. ನಾಲ್ಕೂವರೆ ವರ್ಷಕ್ಕೆ ಎರಡು ಮೂರು ಶಬ್ದದ ಮಾತು ಅಂದ್ರೆ ಅದು ಕಮ್ಮಿಯೇ. ಹದಿನೈದು ವರ್ಷ ಮುಂದಿನದ್ದನ್ನು ನೆನೆಸಿ ನಿದ್ರೆ ಕೆಡಿಸಿಕೊಂಡು, ಇವತ್ತು ಕಣ್ಣ ಮುಂದೆ ಇರುವ ಮಾತಿನ ತೊಂದರೆ ತೋರಿಸದೆ ಬಿಟ್ರೆ ಅದು ನಿಜವಾದ ನಷ್ಟ. ಮೊದಲು ಕಿವಿ ಟೆಸ್ಟ್ ಮಾಡಿಸಿ, ಕೇಳುದು ಕಮ್ಮಿ ಇದ್ರೆ ಮಾತೂ ಕಮ್ಮಿ, ಜೊತೆ ಆಟವೂ ಕಮ್ಮಿ, ಇದನ್ನು ಎಷ್ಟು ಜನ ಮರಿತಾರೆ. ಆಮೇಲೆ ಸ್ಪೀಚ್ ಥೆರಪಿಯವರು ಮತ್ತು ಮಕ್ಕಳ ಡಾಕ್ಟರು. ಹೆಸರು ಕರೆದ್ರೆ ತಿರುಗ್ತಾನಾ, ವಿಮಾನ ಹೋದ್ರೆ ಬೆರಳು ತೋರಿಸಿ ನಿಮ್ಮ ಮುಖ ನೋಡ್ತಾನಾ, ಅಡಿಗೆ ಆಟ ಬಸ್ಸಿನ ಆಟ ಹೀಗೆ ಸುಳ್ಳು ಸುಳ್ಳು ಆಟ ಆಡ್ತಾನಾ ಅಂತ ಅವರು ಕೇಳ್ತಾರೆ, ಅದು ಆಟಿಸಂ, ಅಂದ್ರೆ ಮಾತು, ಜನರ ಜೊತೆ ಬೆರೆಯುದು ಬೇರೆ ರೀತಿ ಬೆಳೆಯುದು, ಉಂಟಾ ನೋಡ್ಲಿಕ್ಕೆ. ಮೊದಲು ಬರ್ತಿದ್ದ ಮಾತು ಹೋಗಿದ್ರೆ ಅದನ್ನು ನೀವೇ ಮರೆಯದೆ ಹೇಳಿ, ಅದು ಕೂಡಲೇ ನೋಡ್ಬೇಕಾದ ವಿಷಯ. ಮಣಿಪಾಲದಲ್ಲೂ ಮಂಗಳೂರಿನ ಫಾದರ್ ಮುಲ್ಲರ್‌ನಲ್ಲೂ ಸ್ಪೀಚ್ ಮತ್ತು ಹಿಯರಿಂಗ್ ವಿಭಾಗ ಉಂಟು. ಖರ್ಚಿನ ಚಿಂತೆ ಇದ್ರೆ ಅಂಗನವಾಡಿಯಲ್ಲೇ ಕೇಳಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಉಂಟು, ಹುಟ್ಟಿದ ಮಗುವಿಂದ 18 ವರ್ಷದವರೆಗೆ ಬೆಳವಣಿಗೆಯ ತೊಂದರೆ ಹುಡುಕಿ ಜಿಲ್ಲಾಸ್ಪತ್ರೆಗೆ ಕಳಿಸ್ಲಿಕ್ಕೇ ಇರುವ ಟೀಮ್ ಅದು.

ತುಳು ಬಿಡಿಸ್ಬೇಡಿ. ಯಾರಾದ್ರೂ ಹೇಳ್ತಾರೆ, ಭಾಷೆ ಜಾಸ್ತಿ ಆಗಿ ಮಗುವಿಗೆ ಕನ್ಫ್ಯೂಸ್, ಇಂಗ್ಲಿಷ್ ಒಂದೇ ಮಾತಾಡಿ ಅಂತ. ನಮ್ಮ ಊರಲ್ಲಿ ಮೀನು ಮಾರುವ ಹೆಂಗಸು ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕರಲ್ಲೂ ಚೌಕಾಶಿ ಮಾಡ್ತಾಳೆ, ಅವಳಿಗೆ ಯಾವ ಕನ್ಫ್ಯೂಸೂ ಆಗಿಲ್ಲ. ಎರಡು ಮೂರು ಭಾಷೆ ಕೇಳಿದ್ದಕ್ಕೆ ಮಾತು ನಿಲ್ಲುದಿಲ್ಲ, ಶಬ್ದ ಎಣಿಸುವಾಗ ಎಲ್ಲ ಭಾಷೆಯದ್ದೂ ಸೇರಿಸಿ ಎಣಿಸಿ. ಬಿಡಿಸ್ಬೇಕಾದದ್ದು ಕಾರ್ಟೂನು. ಮೊಬೈಲು ಇವನ ಹತ್ತಿರ ಮಾತಾಡ್ತದೆ, ಇವನು ಹೇಳಿದ್ದು ಕೇಳುದಿಲ್ಲ.

ಕಡೇಗೆ ತಮ್ಮ. ನೀವು ಬರೆದ ಕಾಗದದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅವನ ಬಗ್ಗೆ ಬರೆದ ಆ ಒಂದು ಸಾಲು, ಮದ್ದು ತಗೊಳ್ತಾನೆ ತೋಟ ನೋಡ್ಕೊಳ್ತಾನೆ ಅಂತ. ಎಂಟು ವರ್ಷ ಆಯ್ತು, ಮದ್ದು ಬಿಟ್ಟಿಲ್ಲ, ಕೆಲಸ ಮಾಡ್ತಾನೆ. ಖಂಡಿತ ಬಿಡಬಹುದು ಮಗುವನ್ನು ಅವನ ಹತ್ತಿರ, ಅವನು ಆರಾಮ ಇರುವಾಗ. ನಿದ್ರೆ ಕೆಟ್ಟು, ಒಬ್ಬನೇ ಮಾತಾಡುದು, ಸಂಶಯ ಇಂಥದ್ದು ಶುರುವಾಗಿದ್ರೆ ಮಾತ್ರ ಆ ದಿನಗಳಲ್ಲಿ ಒಂಟಿ ಬಿಡ್ಬೇಡಿ, ಅವನ ಡಾಕ್ಟರಿಗೆ ಫೋನ್ ಮಾಡಿ. ಈ ಕಾಯಿಲೆ ಮುಟ್ಟಿದ್ರೆ ಬರುದಲ್ಲ, ನೋಡಿ ಕಲಿಯುದೂ ಅಲ್ಲ. ಮೂಲೆಯಲ್ಲಿ ಕೂತು ಆಡುವ ಹುಡುಗನಿಗೆ ಅಡಿಕೆ ಹೆಕ್ಕುವಾಗ ಜೊತೆಗೆ ಕರ್ಕೊಂಡು ಹೋಗುವ ಮಾವ ಒಬ್ಬ ಇದ್ರೆ ಅದು ಅವನ ಪುಣ್ಯ. ಫಿನ್ಲೆಂಡಿನಲ್ಲಿ ಟಿಯೆನಾರಿ ಅನ್ನುವವರು ಕಾಯಿಲೆ ಇದ್ದ ತಾಯಂದಿರ ಮಕ್ಕಳು ದತ್ತು ಹೋದ ಮನೆಗಳನ್ನು ವರ್ಷಗಟ್ಟಲೆ ನೋಡಿದ್ರು, ಜಗಳ ರಗಳೆ ಜಾಸ್ತಿ ಇರುವ ಮನೆಗೆ ಹೋದ ಮಕ್ಕಳಿಗಿಂತ ನೆಮ್ಮದಿಯ ಮನೆಗೆ ಹೋದ ಮಕ್ಕಳಲ್ಲಿ ಕಾಯಿಲೆ ಎಷ್ಟೋ ಕಮ್ಮಿ ಕಂಡಿತು. ಇದನ್ನೂ ಅತ್ತೆಯವರಿಗೆ ಓದಿ ಹೇಳ್ಬಹುದು, ಆದ್ರೆ ಅವರ ಮೂಡು ನೋಡಿ.

ಪ್ರಶ್ನೆ: ಸುರತ್ಕಲ್‌ನಿಂದ ಅಜ್ಜಿ ಬರೆಯುವುದು. ಮೊಮ್ಮಗನಿಗೆ ಆರು ವರ್ಷ. ಭೂತದ ನೇಮ ನೋಡಿ ಬಂದಂದಿನಿಂದ ಹಿಂಗಾರ ಹಿಡ್ಕೊಂಡು ಮೈ ನಡುಗಿಸಿ ಬೊಬ್ಬೆ ಹೊಡಿತಾನೆ. ಅದು ಹೋಗಲಿ, ಚಿಂಟು ಅಂತ ಕಾಣದ ಒಬ್ಬ ಫ್ರೆಂಡ್ ಇದ್ದಾನಂತೆ, ಅವನಿಗೆ ಪ್ಲೇಟಿನಲ್ಲಿ ನೀರುದೋಸೆ ಇಡ್ತಾನೆ, ಮಾತಾಡ್ತಾನೆ. ಮಗಳಿಗೆ ಹೆದರಿಕೆ. ಇದು ತಲೆಯ ಕಾಯಿಲೆಯ ಶುರುವಾ?

ಉತ್ತರ: ಅಲ್ಲ ಅಜ್ಜಿ, ಇದು ಗಮ್ಮತ್ತು. ನೇಮ ನೋಡಿ ಬಂದು ದರ್ಶನದ ಆಟ, ಯಕ್ಷಗಾನ ನೋಡಿ ಬಂದು ಬೆಡ್‌ಶೀಟ್ ಕಟ್ಟಿ ಕುಣಿಯುದು, ಅಷ್ಟಮಿ ಕಳೆದ ಮೇಲೆ ತಿಂಗಳುಗಟ್ಟಲೆ ಹುಲಿ ಕುಣಿತ, ಇದೆಲ್ಲ ಮಾಡದ ಮಗು ಈ ಕರಾವಳಿಯಲ್ಲಿ ಎಲ್ಲಿ ಉಂಟು ಹೇಳಿ. ಚಿಂಟುವಿನಂಥ ಕಾಣದ ಫ್ರೆಂಡ್ ಚಿಕ್ಕ ಮಕ್ಕಳಲ್ಲಿ ಬಹಳ ಸಾಮಾನ್ಯ, ಕೇಳಿ ನೋಡಿ, ಚಿಂಟು ನಿಜವಾಗಿ ಇದ್ದಾನಾ ಅಂತ ಮೆಲ್ಲ ಕೇಳಿದ್ರೆ ಹೆಚ್ಚಿನ ಮಕ್ಕಳು ನಗ್ತಾರೆ, ಅವರಿಗೇ ಗೊತ್ತುಂಟು ಅದು ಆಟ ಅಂತ. 13 ವರ್ಷದೊಳಗೆ ನಿಜವಾದ ಸ್ಕಿಜೋಫ್ರೇನಿಯಾ ತುಂಬ ತುಂಬ ಅಪರೂಪ, ನನ್ನ ಇಷ್ಟು ವರ್ಷದಲ್ಲಿ ನೋಡಿದ್ದು ಒಂದು ಕೈಯ ಬೆರಳಲ್ಲಿ ಎಣಿಸುವಷ್ಟು. ಹತ್ತು ಹನ್ನೊಂದು ವರ್ಷದ ಮೇಲೆಯೂ ಯಾರೋ ಬೈದ ಹಾಗೆ ಕೇಳ್ತದೆ, ಹೆದರಿಕೆ ಆಗ್ತದೆ, ರಾತ್ರಿ ಮಲಗ್ಲಿಕ್ಕೆ ಆಗುದಿಲ್ಲ ಅಂತ ಮಗು ಹೇಳಿದ್ರೆ ತೋರಿಸಿ, ಅದರಲ್ಲೂ ಹೆಚ್ಚಿನವು ತನ್ನಷ್ಟಕ್ಕೆ ಹೋಗ್ತವೆ, ಆದ್ರೂ ಆ ಮಗುವಿಗೆ ಯಾರಾದ್ರೂ ಹೊಡಿತಾರಾ, ಶಾಲೆಯಲ್ಲಿ ತೊಂದರೆ ಉಂಟಾ ಅಂತ ನೋಡ್ಬೇಕಾಗ್ತದೆ. ಸದ್ಯಕ್ಕೆ ಚಿಂಟುವಿಗೆ ಒಂದು ದೋಸೆ ಜಾಸ್ತಿ ಹೊಯ್ಯಿರಿ.

ಪ್ರಶ್ನೆ: ನನಗೆ 28. ಐದು ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ ಮದ್ದು ತಗೊಳ್ತಾ ಇದ್ದೇನೆ, ಈಗ ಆರಾಮ, ಉಡುಪಿಯಲ್ಲಿ ಅಂಗಡಿಯಲ್ಲಿ ಅಕೌಂಟ್ಸ್ ನೋಡ್ತೇನೆ. ಗಂಡನಿಗೆ ಎಲ್ಲ ಗೊತ್ತುಂಟು, ಅತ್ತೆ ಮಾವನಿಗೆ ಗೊತ್ತಿಲ್ಲ. ಮಗು ಬೇಕು ಅಂತ ಆಸೆ, ಮಗುವಿಗೆ ನನ್ನ ಕಾಯಿಲೆ ಬಂದ್ರೆ ಅಂತ ಹೆದರಿಕೆ. ಮದ್ದು ಈಗಲೇ ನಿಲ್ಲಿಸ್ಲಾ?

ಉತ್ತರ: ನಿಲ್ಲಿಸ್ಬೇಡಿ ತಂಗಿ. ಈ ಸಾಲು ಮೊದಲು ಓದಿ ಆಮೇಲೆ ಉಳಿದದ್ದು ಓದಿ. ಪ್ರೆಗ್ನೆನ್ಸಿ ಅಂತ ಒಮ್ಮೆಗೇ ಮದ್ದು ಬಿಟ್ಟು, ಐದನೇ ತಿಂಗಳಲ್ಲಿ ಪುನಃ ಜೋರಾಗಿ, ಊಟ ಬಿಟ್ಟು ಚೆಕಪ್ ಬಿಟ್ಟು ಬಂದವರನ್ನು ನೋಡಿದ್ದೇನೆ, ಅದರಲ್ಲಿ ತಾಯಿಗೂ ಕಷ್ಟ ಮಗುವಿಗೂ ಕಷ್ಟ. ಮಗು ಬೇಕು ಅಂತ ಇಬ್ಬರೂ ತೀರ್ಮಾನ ಮಾಡಿದ ದಿನವೇ, ಬಸುರಿ ಆಗುವ ಮೊದಲೇ, ನಿಮ್ಮ ಮನೋವೈದ್ಯರ ಹತ್ತಿರ ಗಂಡನನ್ನೂ ಕರ್ಕೊಂಡು ಹೋಗಿ. ಮದ್ದುಗಳಲ್ಲಿ ಕೆಲವು ಮುಂದುವರಿಸ್ಬಹುದು, ಕೆಲವು ಬದಲಿಸ್ಬೇಕು, ಮೂಡಿಗೆ ಅಂತ ವಾಲ್‌ಪ್ರೊಯೇಟ್ ಕೊಟ್ಟಿದ್ರೆ ಅದನ್ನು ಮಾತ್ರ ಖಂಡಿತ ಕೇಳಿ, ಅದು ಹೊಟ್ಟೆಯಲ್ಲಿರುವ ಮಗುವಿಗೆ ಆಗುದಿಲ್ಲ. ಫೋಲಿಕ್ ಆಸಿಡ್ ಮಾತ್ರೆ ಮೊದಲೇ ಶುರು ಮಾಡಿ. ಹೆರಿಗೆ ಡಾಕ್ಟರಿಗೆ ನಿಮ್ಮ ಕಾಯಿಲೆ ಮುಚ್ಚಿಡ್ಬೇಡಿ, ಅತ್ತೆಗೆ ಹೇಳುದು ಬಿಡುದು ನಿಮ್ಮಿಬ್ಬರಿಗೆ ಬಿಟ್ಟದ್ದು.

ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ರೆ ಮಗುವಿಗೆ ಬರುವ ಸಾಧ್ಯತೆ 100ಕ್ಕೆ 10ರ ಆಸುಪಾಸು. ಕಮ್ಮಿ ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡುದಿಲ್ಲ, ಸಾಮಾನ್ಯಕ್ಕಿಂತ ಜಾಸ್ತಿಯೇ. ಆದ್ರೆ ಉಳಿದ 90 ಮಕ್ಕಳಿಗೆ ಬರುದಿಲ್ಲ ಅನ್ನುದೂ ಅದೇ ಲೆಕ್ಕ. ಹೆರಿಗೆ ಆದ ಮೇಲಿನ ಎರಡು ಮೂರು ತಿಂಗಳು ನಿಮಗೆ ನಾಜೂಕಿನ ಕಾಲ, ನಿದ್ರೆ ಕೆಟ್ಟರೆ ಕಾಯಿಲೆ ಮೇಲೆ ಬರ್ತದೆ. ಬಾಣಂತನ ತಾಯಿ ಮನೆಯಲ್ಲೇ ಆಗ್ಲಿ ಗಂಡನ ಮನೆಯಲ್ಲೇ ಆಗ್ಲಿ, ರಾತ್ರಿ ಮಗುವನ್ನು ಎತ್ತಿಕೊಂಡು ತಿರುಗ್ಲಿಕ್ಕೆ ಇನ್ನೊಬ್ಬರು ಬೇಕು, ನೀವು ಕಮ್ಮಿಯಲ್ಲಿ ಐದಾರು ಗಂಟೆ ನಿದ್ರೆ ಮಾಡ್ಲೇಬೇಕು. ಎಣ್ಣೆ ಸ್ನಾನ, ಮದ್ದಿನ ಲೇಹ್ಯ, ಅದೆಲ್ಲ ಮಾಡಿಸ್ಕೊಳ್ಳಿ, ಈ ನಿದ್ರೆ ಒಂದು ತಪ್ಪದೆ.

ಪ್ರಶ್ನೆ: ನಾನು ದುಬೈಯಲ್ಲಿ ಕೆಲಸದಲ್ಲಿ ಇರುವುದು, ಮನೆ ಮಂಗಳೂರಲ್ಲಿ. ಮಗ ಚಿಕ್ಕದರಲ್ಲಿ ಎಲ್ಲ ಬೇಗ ಕಲಿತವ, ಎಂಟು ತಿಂಗಳಿಗೆ ನಿಂತವ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕು. ಈಗ ಸೆಕೆಂಡ್ ಪಿಯುಸಿ, 17 ವರ್ಷ. ಆರು ತಿಂಗಳಿಂದ ರೂಮಿನಿಂದ ಹೊರಗೆ ಬರುದಿಲ್ಲ, ಸ್ನಾನ ಇಲ್ಲ, ಕ್ರಿಕೆಟ್ ಫ್ರೆಂಡ್ಸ್ ಬಿಟ್ಟ, ಕಿಟಕಿಗೆ ಪೇಪರ್ ಅಂಟಿಸಿದ್ದಾನೆ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುದು ಅಂತ ತಾಯಿಯ ಹತ್ತಿರ ಹೇಳಿದ್ನಂತೆ. ಹೆಂಡತಿ ಪ್ರಶ್ನೆ ಇಟ್ಟು ಕೇಳಿದ್ರು, ನಾಗನ ದೋಷ ಅಂತ ಬಂತು, ಊರಿಗೆ ಬಂದ ಮೇಲೆ ಮಾಡಿಸುವ ಅಂತ ಇದ್ದೇವೆ, ನಾನು ಬರುದು ಇನ್ನು ನಾಲ್ಕು ತಿಂಗಳಿಗೆ. ಪ್ರಾಯದ ಹುಡುಗರು ಹೀಗೆಯೇ ಅಂತ ಕೆಲವರು ಹೇಳ್ತಾರೆ. ಚಿಕ್ಕದರಲ್ಲಿ ಯಾವ ಲಕ್ಷಣವೂ ಇಲ್ಲದ ಮೇಲೆ ಹೆದರ್ಬೇಕಾ?

ಉತ್ತರ: ಈ ಸಂಚಿಕೆಯ ಎಲ್ಲ ಕಾಗದದಲ್ಲಿ ನನಗೆ ಹೆದರಿಕೆ ಆದದ್ದು ನಿಮ್ಮದು ಓದಿ ಸರ್. ಚಿಕ್ಕದರಲ್ಲಿ ಲಕ್ಷಣ ಇದ್ದವರಿಗೆಲ್ಲ ಕಾಯಿಲೆ ಬರುದಿಲ್ಲ ಅಂತ ಮೇಲೆ ಬರೆದೆ, ಅದೇ ರೀತಿ ಬೇಗ ನಿಂತು ಬೇಗ ನಡೆದು ಫಸ್ಟ್ ರ‍್ಯಾಂಕ್ ಬಂದವರಿಗೂ ಬರ್ತದೆ. ಈ ಕಾಯಿಲೆ ಹುಡುಗರಲ್ಲಿ ಹೆಚ್ಚಾಗಿ ತಲೆ ಎತ್ತುವ ಪ್ರಾಯ ಹದಿನೇಳು ಹದಿನೆಂಟರಿಂದ ಇಪ್ಪತ್ತೈದರ ಒಳಗೆ, ಹುಡುಗಿಯರಲ್ಲಿ ಸ್ವಲ್ಪ ತಡ. ತೊಟ್ಟಿಲಿನಲ್ಲಿ ಹುಡುಕುದಕ್ಕಿಂತ ಈ ಪ್ರಾಯದಲ್ಲಿ ಕಣ್ಣು ತೆರೆದು ನೋಡುದು ಸಾವಿರ ಪಾಲು ಉಪಯೋಗ.

ಇದು ಸ್ಕಿಜೋಫ್ರೇನಿಯಾವೇ ಅಂತ ನಾನು ಕಾಗದ ನೋಡಿ ಹೇಳುದಿಲ್ಲ, ಹೇಳ್ಬಾರ್ದು ಕೂಡ. ಡಿಪ್ರೆಶನ್ ಇರಬಹುದು, ಥೈರಾಯಿಡ್‌ನಂಥ ಮೈಯ ಕಾಯಿಲೆ ಇರಬಹುದು, ಗಾಂಜಾ ಇರಬಹುದು. ಗಾಂಜಾ ಅಂದ ಕೂಡಲೇ ನಮ್ಮ ಮಗ ಅಂಥವನಲ್ಲ ಅಂತ ಎಲ್ಲ ಅಪ್ಪಂದಿರೂ ಹೇಳ್ತಾರೆ, ಬೈಯದೆ ಕೇಳಿ ನೋಡಿ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರುವ ಹುಡುಗರನ್ನು ವರ್ಷಗಟ್ಟಲೆ ನೋಡಿ 1987ರಲ್ಲಿ ಬರೆದದ್ದುಂಟು, 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು 6 ಪಟ್ಟು. ಆದ್ರೆ ಪ್ರಾಯದ ಹುಡುಗರು ಹೀಗೆಯೇ ಅನ್ನುವ ಮಾತು ಇಲ್ಲಿ ಹೊಂದುದಿಲ್ಲ. ಪ್ರಾಯದ ಹುಡುಗರು ಬಾಗಿಲು ಹಾಕ್ತಾರೆ, ಕಿಟಕಿಗೆ ಪೇಪರ್ ಅಂಟಿಸುದಿಲ್ಲ. ಅಪ್ಪ ಅಮ್ಮನ ಹತ್ತಿರ ಮಾತು ಬಿಡ್ತಾರೆ, ಕ್ರಿಕೆಟ್ ಬಿಡುದಿಲ್ಲ.

ನಾಗನಿಗೆ ಮಾಡಿಸುದು ನಿಮ್ಮ ನಂಬಿಕೆ, ಮಾಡಿಸಿ, ಅದರಿಂದ ಹೆಂಡತಿಗೆ ಧೈರ್ಯ ಬರ್ತದೆ ಅಂತಾದ್ರೆ ಅದೂ ಬೇಕು. ಆದ್ರೆ ಅದಕ್ಕೆ ಕಾದು ಡಾಕ್ಟರನ್ನು ಮುಂದೆ ಹಾಕ್ಬೇಡಿ. ಈ ಕಾಯಿಲೆಯಲ್ಲಿ ಶುರುವಾದ ದಿನದಿಂದ ಮದ್ದು ಶುರು ಮಾಡುವವರೆಗೆ ಎಷ್ಟು ತಿಂಗಳು ಹೋಯ್ತು ಅನ್ನುದು ಮುಂದೆ ಹುಡುಗ ಎಷ್ಟು ಸರಿ ಆಗ್ತಾನೆ ಅನ್ನುದರ ಮೇಲೆ ಪೆಟ್ಟು ಕೊಡ್ತದೆ, ನಿಮ್ಮದು ಆಗಲೇ ಆರು ತಿಂಗಳು ಆಯ್ತು, ಇನ್ನು ನಾಲ್ಕು ಸೇರಿಸ್ಬೇಡಿ. ಇವತ್ತು ರಾತ್ರಿಯೇ ಹೆಂಡತಿಗೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರಕಾರದ ಉಚಿತ ಸಹಾಯವಾಣಿ ಉಂಟು, ನಂಬರ್ 14416, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡ್ತಾರೆ, ಮೊದಲು ಹೆಂಡತಿ ಅಲ್ಲಿ ಮಾತಾಡ್ಲಿ. ಆಮೇಲೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆ ಆಗ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಆಗ್ಲಿ, ಮನೋವೈದ್ಯರು ಇರುವಲ್ಲಿ ಈ ವಾರದ ಒಳಗೆ. ಅವನು ಬರುದಿಲ್ಲ ಅಂತಾನೆ, ಗೊತ್ತುಂಟು, ನನಗೆ ಏನೂ ಆಗಿಲ್ಲ ನಿಮಗೇ ಹುಚ್ಚು ಅಂತಾನೆ. ಆಗ ವಾದ ಮಾಡ್ಬೇಡಿ, ಪಕ್ಕದ ಮನೆಯವರು ಮಾತಾಡುದಿಲ್ಲ ಅಂತ ಸಾಧಿಸ್ಲಿಕ್ಕೂ ಹೋಗ್ಬೇಡಿ, ನಿನಗೆ ನಿದ್ರೆ ಬರುದಿಲ್ಲ ಅಲ್ವಾ ಮಗಾ, ಅದಕ್ಕೆ ಮದ್ದು ತರುವ ಅಂತ ಹೇಳಿ ಕರೀಲಿ, ನಿದ್ರೆಯ ವಿಷಯ ಹೆಚ್ಚಿನವರು ಒಪ್ತಾರೆ. ಅದಕ್ಕೂ ಬರದಿದ್ರೆ ತಾಯಿ ಒಬ್ಬರೇ ಹೋಗಿ ಡಾಕ್ಟರ ಹತ್ತಿರ ಕೂತು ಎಲ್ಲ ಹೇಳಿ ಬರಲಿ, ಏನು ಮಾಡ್ಬೇಕು ಅಂತ ಅವರು ದಾರಿ ಹೇಳ್ತಾರೆ. ಜೊತೆಗೆ ಅವನಿಗೆ ಇಷ್ಟ ಇರುವ ಮಾವನೋ ಅಣ್ಣನೋ ಒಬ್ಬರು ಇದ್ರೆ ಒಳ್ಳೆದು. ಸಾಯುವ ಮಾತು ಆಡಿದ್ರೆ, ಹೊಡಿಲಿಕ್ಕೆ ಬಂದ್ರೆ, ಊಟ ನೀರು ಪೂರಾ ಬಿಟ್ರೆ ವಾರ ಕಾಯ್ಬೇಡಿ, ಆ ಕ್ಷಣವೇ ಕ್ಯಾಶುವಲ್ಟಿಗೆ. ರಜೆ ಸಿಗ್ತದಾ ಅಂತ ನಿಮ್ಮ ಆಫೀಸಲ್ಲಿ ಒಮ್ಮೆ ಕೇಳಿ, ಹತ್ತು ದಿನ ಸಿಕ್ಕಿದ್ರೂ ಸಾಕು, ಬನ್ನಿ.